ನೆರಳಲ್ಲಿ ಒಣಗಿಸಿದ ಎಲೆ

ಮಧುನಾಶಿನಿ ಎಲೆಯನ್ನು ಬಿಸಿಲಿಗೆ ಹಾಕಬಾರದು. ಗಾಳಿಯಾಡುವ ನೆರಳಿನಲ್ಲಿ, ಹಳೆಯ ಪತ್ರಿಕೆಯ ಮೇಲೆ, ಒಂದರ ಮೇಲೊಂದು ಬೀಳದ ಹಾಗೆ ಹರಡಿ, ದಿನಕ್ಕೆರಡು ಸಲ ಮಗುಚಬೇಕು. ಬಿಸಿಲು ತಾಗಿದರೆ ಅದರ ಗುಣ ಹೋಗುತ್ತದೆ. ಲ್ಯಾಬಿನ ಹುಡುಗಿ ಇದನ್ನು ಮೊದಲ ದಿನವೇ ನನಗೆ ಹೇಳಿಕೊಟ್ಟಿದ್ದಳು. ಅಕ್ಕ ಇದ್ದಾಗ ಈ ಕೆಲಸ ಮಾಡುತ್ತಿದ್ದೆ, ಅಕ್ಕ ಹೋದ ಮೇಲೂ ಮಾಡುತ್ತಿದ್ದೇನೆ.

ಮುಂಬಯಿಯ ವಿಕ್ರೋಳಿ ಹತ್ತಿರದ ಒಂದು ಕಾಲೇಜಿನ ಲ್ಯಾಬಿನಲ್ಲಿ ನಾನು ಕೆಲಸಕ್ಕಿದ್ದೇನೆ. ಗಾಜಿನ ಸಾಮಾನು ತೊಳೆಯುವುದು, ಟೇಬಲು ಒರೆಸುವುದು, ಎಲೆ, ಬೇರು, ತೊಗಟೆ ಬಂದರೆ ತೊಳೆದು ಒಣಗಿಸಿ ಪುಡಿ ಮಾಡುವುದು. ಊರಿನಲ್ಲಿ ಹತ್ತನೆಯ ತರಗತಿಯವರೆಗೆ ಓದಿದ್ದೇನೆ, ಬಾಟಲಿಯ ಮೇಲಿನ ಚೀಟಿ ಓದಲು ಅಷ್ಟು ಸಾಕು. ಅಲ್ಲಿ ಎಲ್ಲರೂ ನನ್ನನ್ನು ಮಾವಶಿ ಅನ್ನುತ್ತಾರೆ. ಮರಾಠಿಯಲ್ಲಿ ಹಾಗೆಂದರೆ ಚಿಕ್ಕಮ್ಮ.

ಮಧುನಾಶಿನಿಯ ಮೇಲೆ ಕೆಲಸ ಮಾಡುತ್ತಿದ್ದವಳು ಉಡುಪಿ ಕಡೆಯವರ ಮಗಳು. ಅವಳ ತಂದೆಯದು ಸಾಂತಾಕ್ರೂಜ್‌ನಲ್ಲಿ ಹೋಟೆಲು. ಕನ್ನಡ ಅರ್ಥವಾಗುತ್ತಿತ್ತು, ಆದರೆ ಮಾತಾಡುವಾಗ ಮಧ್ಯೆ ಮಧ್ಯೆ ನಿಂತು ಶಬ್ದ ಹುಡುಕುತ್ತಿದ್ದಳು. ನನ್ನ ಕನ್ನಡ ಕೇಳಿದರೆ ಅವಳಿಗೆ ನಗು. "ಮಾವಶಿ, ನೀವು ಮಾತಾಡಿದ್ರೆ ಜಗಳ ಮಾಡ್ತಿದ್ದೀರಿ ಅಂತಲೇ ಕಾಣ್ತದೆ," ಅನ್ನುತ್ತಿದ್ದಳು. ಒಂದು ದಿನ ಒಂದು ಎಲೆ ಕೊಟ್ಟು ಜಗಿಯಿರಿ ಎಂದಳು. ಆಮೇಲೆ ಒಂದು ಚಿಟಿಕೆ ಸಕ್ಕರೆ ನಾಲಿಗೆಯ ಮೇಲೆ ಹಾಕಿದಳು. ಸಿಹಿಯೇ ಇಲ್ಲ, ಮರಳು ತಿಂದ ಹಾಗಿತ್ತು. ನನ್ನ ಮುಖ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಈ ಎಲೆಯಿಂದ ಏನು ಮಾಡುತ್ತೀರಿ ಎಂದು ಅವತ್ತೇ ಕೇಳಿದೆ. ಪುಡಿಯನ್ನು ಸ್ಪಿರಿಟ್ಟಿನಲ್ಲಿ ನೆನೆಸಿ, ಸೋಸಿ, ಅದನ್ನು ಆರಿಸಿದರೆ ಕೊನೆಗೆ ಹುಣಸೆ ರಸ ಕುದಿಸಿ ಗಟ್ಟಿ ಮಾಡಿದಂಥ ಕಪ್ಪು ಅಂಟು ಉಳಿಯುತ್ತದೆ. ಇಡ್ಲಿ ತಟ್ಟೆಯಲ್ಲಿರುವಂಥ, ಆದರೆ ಬೆರಳ ತುದಿಯಷ್ಟೇ ಅಗಲದ ಗುಳಿಗಳಿರುವ ಒಂದು ಪ್ಲಾಸ್ಟಿಕ್ ತಟ್ಟೆಯಲ್ಲಿ ಅವಳು ಜೀವಕೋಶಗಳನ್ನು ಬೆಳೆಸುತ್ತಿದ್ದಳು. ಇನ್ಸುಲಿನ್ ತಯಾರಿಸುವ ಕೋಶಗಳು ಅವು. ಅವುಗಳ ಮೇಲೆ ಆ ಅಂಟನ್ನು ಚೂರು ಕರಗಿಸಿ ಹಾಕಿ, ಎಷ್ಟು ಇನ್ಸುಲಿನ್ ಹೊರಗೆ ಬಂತು ಎಂದು ಅಳೆಯುತ್ತಿದ್ದಳು.

"ಇನ್ಸುಲಿನ್ ಒಳಗೇ ಕೂತಿರ್ತದೆ ಮಾವಶಿ. ಬಾಗಿಲು ಸರಿಯಾಗಿ ತೆರೆಯೋದಿಲ್ಲ. ಈ ಎಲೆ ಬಾಗಿಲನ್ನ ಹೀಗೆ, ಸ್ವಲ್ಪ, ದೂಡ್ತದೆ ಅಂತ ನಮ್ಮ ಅಂದಾಜು." ಕೈಯಿಂದ ಗಾಳಿಯನ್ನು ದೂಡಿ ತೋರಿಸಿದಳು. ಮುಂದೆ ಇನ್ನೂ ಒಂದು ಮಾತು ಹೇಳಿದ್ದಳು. "ಆದ್ರೆ ಇದು ತಟ್ಟೆಯಲ್ಲಿ. ಮನುಷ್ಯರಲ್ಲಿ ಅಲ್ಲ."

ನಾನು ಬಾಗಿಲಿನ ಮಾತನ್ನಷ್ಟೇ ಮನೆಗೆ ತಂದೆ.

ಅಕ್ಕನಿಗೆ ಆರು ವರ್ಷದಿಂದ ಸಕ್ಕರೆ ಬೇನೆ ಇತ್ತು. ಅವಳ ಮನೆ ದಹಿಸರ್‌ನಲ್ಲಿ. ಮದುವೆಯಾಗಿ ವಿಜಯಪುರದ ಕಡೆಯಿಂದ ಮೊದಲು ಈ ಊರಿಗೆ ಬಂದವಳು ಅವಳು. ನನ್ನನ್ನು ಕರೆಸಿಕೊಂಡವಳು ಅವಳು, ನನಗೆ ಗಂಡು ನೋಡಿದವಳು ಅವಳು, ಅವನು ತೀರಿಕೊಂಡಾಗ ಮೂರು ತಿಂಗಳು ನನ್ನನ್ನು ತನ್ನ ಮಗ್ಗುಲಲ್ಲೇ ಮಲಗಿಸಿಕೊಂಡವಳೂ ಅವಳೇ. ಅವಳಿಗೆ ಮಕ್ಕಳಾಗಲಿಲ್ಲ. ಜನ ಕೇಳಿದರೆ ನನ್ನನ್ನು ತೋರಿಸಿ, "ಒಬ್ಬಾಕಿ ಅದಾಳಲ್ರೀ, ಇಷ್ಟ ದೊಡ್ಡಾಕಿ," ಅನ್ನುತ್ತಿದ್ದಳು. ಸ್ಟೇಷನ್ ಬಳಿಯ ಪೋಳಿ-ಭಾಜಿ ಅಂಗಡಿಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ನಿಂತು ಚಪಾತಿ ಲಟ್ಟಿಸುವುದು ಅವಳ ಕೆಲಸ. ಡಾಕ್ಟರು ಬೆಳಿಗ್ಗೆ ಒಂದು, ಸಂಜೆ ಒಂದು ಗುಳಿಗೆ ಬರೆದುಕೊಟ್ಟಿದ್ದರು. ಗುಳಿಗೆ ತಗೊಂಡ ಕೂಡಲೇ ತಿನ್ನಬೇಕು ಎಂದೂ ಹೇಳಿದ್ದರು.

ಒಣಗಿಸಿದ ಎಲೆಯಲ್ಲಿ ಮುರಿದದ್ದು, ಬಣ್ಣ ಕೆಟ್ಟದ್ದನ್ನು ಆರಿಸಿ ಬಿಸಾಡುವುದು ನನ್ನ ಕೆಲಸವಾಗಿತ್ತು. ಬಿಸಾಡದೆ ಡಬ್ಬಿಯಲ್ಲಿ ಹಾಕಿಕೊಂಡು ಬಂದೆ. ಮನೆಯಲ್ಲಿ ಪುಡಿ ಮಾಡಿ, ಉಪ್ಪಿನಕಾಯಿಯ ಖಾಲಿ ಬಾಟಲಿಯಲ್ಲಿ ತುಂಬಿ, ಭಾನುವಾರ ದಹಿಸರ್‌ಗೆ ಒಯ್ದೆ.

ಅಕ್ಕನ ಗಂಡ, ನನ್ನ ಭಾವ, ಟೆಂಪೋ ಓಡಿಸುತ್ತಿದ್ದವನು. ಮೊಣಕಾಲು ಕೆಟ್ಟ ಮೇಲೆ ಮನೆಯಲ್ಲೇ ಇದ್ದ. ಹುಟ್ಟಿದ್ದು ಕಲಿತದ್ದು ಎಲ್ಲ ಮುಂಬಯಿಯಲ್ಲೇ, ಮರಾಠಿ ಶಾಲೆಯಲ್ಲಿ. ನಾನು ಹೊಸ್ತಿಲು ದಾಟಿದೆನೋ ಇಲ್ಲವೋ, "ಆಲ್ಯಾ ಬಘಾ ಡಾಕ್ಟರಬಾಯಿ! ಇವತ್ತ ಯಾರ ಹೊಟ್ಟಿ ಕೊಯ್ದ ಬಂದೀ?" ಎಂದು ಶುರು ಮಾಡುತ್ತಿದ್ದ, ಡಾಕ್ಟರಮ್ಮ ಬಂದರು ನೋಡಿ ಎಂಬ ಅಣಕ ಅದು. ಎಲೆ, ಬೇರು ಎಂದರೆ ಅವನಿಗೆ ಆಗುತ್ತಿರಲಿಲ್ಲ. ಅವತ್ತು ನಾನು ಮಾತು ತೆಗೆಯುವಷ್ಟರಲ್ಲೇ ಅಕ್ಕನ ಕಡೆ ತಿರುಗಿ, "ಎಲಿ ತಿನ್ನಾಕ ನೀ ಏನ ಆಡ ಏನ? ಡಾಕ್ಟರ ಗುಳಿಗಿ ತಗೋ, ಸುಮ್ಮನ ಇರು," ಎಂದ.

ಅಕ್ಕ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಅವನು ಕೆಳಗೆ ಹಾಲು ತರಲು ಹೋದಾಗ ಬಾಟಲಿಯನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಳು. "ಅಂವಾ ಏಳೂದ್ರೊಳಗ ಕುದಿಸಿ ಕುಡೀತೀನಿ. ನೀ ಬಾಯಿ ಬಿಡಬ್ಯಾಡ."

ಹಾಗೆ ಆರಂಭವಾಯಿತು. ದಿನಾ ಬೆಳಿಗ್ಗೆ ಒಂದು ಚಮಚ ಪುಡಿ, ಒಂದು ಲೋಟ ನೀರು, ಅರ್ಧಕ್ಕೆ ಇಳಿಸಿ ಕುಡಿಯುವುದು. ಆಮೇಲೆ ಡಾಕ್ಟರ ಗುಳಿಗೆ. ಗುಳಿಗೆ ಬಿಡಬಾರದು ಎಂದು ನಾನೇ ತಾಕೀತು ಮಾಡಿದ್ದೆ. ಎರಡೂ ಇದ್ದರೆ ಇನ್ನೂ ಒಳ್ಳೆಯದಲ್ಲವೇ ಎಂದುಕೊಂಡಿದ್ದೆ.

ಮೂರು ತಿಂಗಳ ನಂತರದ ರಿಪೋರ್ಟು ಚೆನ್ನಾಗಿ ಬಂತು. ಡಾಕ್ಟರ ಬಳಿ ಅಕ್ಕನ ಜೊತೆ ನಾನೂ ಹೋಗಿದ್ದೆ. "ವಾ, ಗುಳಿಗೆ ಚೆನ್ನಾಗಿ ಕೆಲಸ ಮಾಡ್ತಿದೆ," ಎಂದರು ಅವರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಟೇಬಲಿನ ಕೆಳಗೆ ನನ್ನ ತೊಡೆ ಚಿವುಟಿದಳು. ತಲೆ ಸುತ್ತುವುದು, ಬೆವರುವುದು ಏನಾದರೂ ಇದೆಯೇ ಎಂದು ಅವರು ಕೇಳಿದರು. "ಏನೂ ಇಲ್ರಿ," ಅಂದಳು. ಇತ್ತು. ಕೆಲವು ದಿನ ಹನ್ನೊಂದರ ಹೊತ್ತಿಗೆ ಲಟ್ಟಣಿಗೆ ಹಿಡಿದ ಕೈ ನಡುಗುತ್ತದೆ, ಒಂದು ಚಪಾತಿ ತಿಂದರೆ ಸರಿಹೋಗುತ್ತದೆ ಎಂದು ನನಗೆ ಹೇಳಿದ್ದಳು. ಒಲೆಯ ಮುಂದಿನ ಕೆಲಸ, ವಯಸ್ಸು, ಎಂದು ಇಬ್ಬರೂ ಅದನ್ನು ಬಿಟ್ಟುಬಿಟ್ಟಿದ್ದೆವು. ಡಾಕ್ಟರ ಕೋಣೆಯಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ನಕ್ಕೆವು. "ಪಾಪ, ತಮ್ಮ ಗುಳಿಗೀನಽ ಅಂತ ತಿಳಕೊಂಡಾರ," ಎಂದು ಅಕ್ಕ ಸೆರಗನ್ನು ಬಾಯಿಗಿಟ್ಟುಕೊಂಡಳು. ಆ ನಗು ನನಗೆ ಈಗಲೂ ಕೇಳಿಸುತ್ತದೆ. ನನ್ನಿಂದ ಅವಳಿಗೆ ಏನೋ ಒಂದು ಒಳ್ಳೆಯದಾಯಿತು ಎಂದು ನನಗೆ ಅನ್ನಿಸಿದ್ದು ಜೀವನದಲ್ಲಿ ಅದೊಂದೇ ಸಲ.

ಮಂಗಳವಾರ ಬರುವ ಸಂಕಷ್ಟಿಗೆ ಇಲ್ಲಿ ಅಂಗಾರಕಿ ಅನ್ನುತ್ತಾರೆ. ಬೇರೆ ಸಂಕಷ್ಟಿಗೆ ಅಕ್ಕ ಸಾಬುದಾಣಿ ಖಿಚಡಿ ತಿನ್ನುತ್ತಿದ್ದಳು. ಅಂಗಾರಕಿಗೆ ಮಾತ್ರ ಚಂದ್ರ ಕಾಣುವವರೆಗೆ ನೀರು ಬಿಟ್ಟು ಏನೂ ಇಲ್ಲ. ಮುಂಬಯಿಗೆ ಬಂದ ಮೇಲೆ ಹಿಡಿದ ವ್ರತ, ಸಕ್ಕರೆ ಬೇನೆ ಬಂದ ಮೇಲೂ ಬಿಟ್ಟಿರಲಿಲ್ಲ. ಅವತ್ತು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಫೋನು ಮಾಡಿದೆ.

"ಔಷಧ ತಗೊಂಡೀ?"

"ಎರಡೂ ತಗೊಂಡೆ. ಔಷಧಕ್ಕ ಏನ ಉಪವಾಸ ಮುರಿಯಾಂಗಿಲ್ಲ."

"ಅದೂ ಖರೇ. ಅದೇನ ಊಟ ಅಲ್ಲಲಾ," ಎಂದೆ.

ನಮ್ಮಲ್ಲಿ ಎಲ್ಲರೂ ಹಾಗೇ ನಂಬುತ್ತೇವೆ. ಉಪವಾಸದ ದಿನ ಅನ್ನ ಬಿಡುತ್ತೇವೆ, ಔಷಧ ಬಿಡುವುದಿಲ್ಲ. ದೇವರಿಗೂ ಡಾಕ್ಟರಿಗೂ ಇಬ್ಬರಿಗೂ ಸರಿಯಾಗಿ ನಡೆದುಕೊಂಡೆವು ಎಂಬ ಸಮಾಧಾನ ನಮಗೆ.

ಸಂಜೆ ಲ್ಯಾಬಿನಿಂದ ಹೊರಡುವ ಹೊತ್ತಿಗೆ ಭಾವನ ಫೋನು ಬಂತು. "ನಿಮ್ಮಕ್ಕ ಮಾತಾಡವಲ್ಲಳು. ಕಣ್ಣ ತೆರೀವಲ್ಲಳು. ಬಾ." ದಾದರ್‌ನಲ್ಲಿ ಸೇತುವೆ ದಾಟಿ ಗಾಡಿ ಬದಲಿಸಿ ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳ ಕೈಗೆ ಸಲಾಯಿನ್ ಹಚ್ಚಿದ್ದರು. ರಕ್ತದಲ್ಲಿ ಸಕ್ಕರೆ ಎಷ್ಟು ಕಡಿಮೆಯಾಗಿತ್ತೆಂದರೆ ಬೆರಳು ಚುಚ್ಚಿ ನೋಡುವ ಯಂತ್ರ ಅಂಕಿಯನ್ನೇ ತೋರಿಸಲಿಲ್ಲವಂತೆ.

ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಕಾಗದ ಹಿಡಿದು ಬಂದರು. "ಗೋಲಿ ಕಿತನೀ ಲೀ ಥೀ?" ಎಷ್ಟು ಗುಳಿಗೆ ತೆಗೆದುಕೊಂಡಿದ್ದಳು ಎಂದು ಭಾವನನ್ನು ಕೇಳಿದರು. ಅವನು ನೆಲ ನೋಡುತ್ತಾ, "ರೋಜ್ ಜೈಸಾ," ದಿನದ ಹಾಗೇ, ಎಂದ. ಇನ್ನೇನಾದರೂ ತೆಗೆದುಕೊಳ್ಳುತ್ತಿದ್ದಳೇ, ಜಡೀಬೂಟಿ, ದೇಸಿ ಔಷಧ, ಎಂದು ಮತ್ತೆ ಕೇಳಿದರು. ಭಾವ ಇಲ್ಲವೆಂದು ತಲೆಯಾಡಿಸಿದ. ಡಾಕ್ಟರು ನನ್ನ ಕಡೆ ನೋಡಿದರು.

ನಾನೂ ತಲೆಯಾಡಿಸಿದೆ.

ಯಾಕೆ ಹಾಗೆ ಮಾಡಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಭಾವ ಪಕ್ಕದಲ್ಲಿದ್ದ. ಲ್ಯಾಬಿನ ಎಲೆ ಕದ್ದು ತಂದದ್ದು ಗೊತ್ತಾಗುತ್ತದೆ ಎಂಬ ಭಯವೂ ಇತ್ತು. ಆದರೆ ಇವೆಲ್ಲ ಆಮೇಲೆ ಹುಡುಕಿದ ಕಾರಣಗಳು. ಆ ಗಳಿಗೆಯಲ್ಲಿ ತಲೆ ತಾನಾಗಿ ಅಲ್ಲಾಡಿತು, ಅಷ್ಟೇ.

ಅಕ್ಕ ನಾಲ್ಕು ದಿನ ಇದ್ದಳು. ಸಕ್ಕರೆ ಏರಿತು, ಮತ್ತೆ ಇಳಿಯಿತು, ಮತ್ತೆ ಏರಿತು, ಕಣ್ಣು ಮಾತ್ರ ತೆರೆಯಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಹೋದಳು. ಅವಳ ಕೈ ಹಿಡಿದುಕೊಂಡಿದ್ದೆ. ಉಗುರಿನ ಸಂದಿಯಲ್ಲಿ ಗೋದಿ ಹಿಟ್ಟು ಒಣಗಿ ಇನ್ನೂ ಹಾಗೇ ಇತ್ತು.

ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಅವಳ ಅಡುಗೆಮನೆ ಒಪ್ಪ ಮಾಡುವ ನೆಪದಲ್ಲಿ ಹಿಟ್ಟಿನ ಡಬ್ಬಿಯ ಹಿಂದಿನ ಬಾಟಲಿ ತೆಗೆದುಕೊಂಡೆ. ಅರ್ಧ ತುಂಬಿತ್ತು. ಅವಳ ಪರ್ಸಿನಲ್ಲಿದ್ದ, ಎರಡು ಗುಳಿಗೆ ಉಳಿದಿದ್ದ ತಗಡಿನ ಪಟ್ಟಿಯನ್ನೂ ಇಟ್ಟುಕೊಂಡೆ. ಮನೆಗೆ ಬಂದು ಆ ಪುಡಿಯನ್ನು ಅವಳು ಕುದಿಸುತ್ತಿದ್ದ ಹಾಗೇ ಕುದಿಸಿ ಕುಡಿದೆ. ಒಂದು ದಿನವಲ್ಲ, ಬಾಟಲಿ ಮುಗಿಯುವವರೆಗೆ. ನನಗೆ ಏನೂ ಆಗಲಿಲ್ಲ. ಮೇಲೆ ಕುಡಿದ ಚಹಾ ಬರೀ ಬಿಸಿನೀರಿನಂತಿತ್ತು.

ಲ್ಯಾಬಿಗೆ ಹೋಗುವುದು ಬಿಡಲಿಲ್ಲ. ಬಿಟ್ಟರೆ ತಿನ್ನುವುದೇನು? ಎಲೆ ಹರಡುವಾಗ, ಮಗುಚುವಾಗ, ಒಳಗೊಳಗೆ ಒಂದೇ ಹಾರೈಕೆ. ಈ ಎಲೆ ಯಾವ ಕೆಲಸಕ್ಕೂ ಬಾರದಿರಲಿ. ತಟ್ಟೆಯಲ್ಲಿ ಏನೂ ಆಗದಿರಲಿ. ಆ ಹುಡುಗಿಯ ಎರಡು ವರ್ಷ ವ್ಯರ್ಥವಾಗಲಿ. ಎಲೆಗೆ ಶಕ್ತಿಯೇ ಇಲ್ಲವಾದರೆ ಅಕ್ಕನನ್ನು ಕೊಂದದ್ದು ನಾನಲ್ಲ. ಅಷ್ಟು ಒಳ್ಳೆಯ ಹುಡುಗಿಗೆ ಕೆಟ್ಟದ್ದನ್ನು ಬಯಸುತ್ತಾ ಅವಳ ತಟ್ಟೆಗಳನ್ನು ತೊಳೆಯುತ್ತಿದ್ದೆ.

ಒಂದು ಮಧ್ಯಾಹ್ನ ಅವಳು ಪೇಢೆಯ ಡಬ್ಬಿ ಹಿಡಿದು ಬಂದಳು. "ಮಾವಶಿ, ಬಾಯಿ ತೆರೀರಿ. ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಬಂತು. ನಮ್ಮ ಎಲೆ ದೂಡ್ತದೆ! ನೀವು ಒಣಗಿಸಿದ ಎಲೆ!"

ಪೇಢೆ ನನ್ನ ಕೈಯಲ್ಲೇ ಉಳಿಯಿತು.

"ಯಾಕೆ, ನಿಮಗೂ ಶುಗರಾ?" ಎಂದು ನಕ್ಕಳು. ಆಮೇಲೆ ನನ್ನ ಮುಖ ನೋಡಿದಳು. ನಗು ನಿಂತಿತು.

ಎಲ್ಲ ಹೇಳಿದೆ. ಕದ್ದ ಎಲೆ, ಬಾಟಲಿ, ಉಪವಾಸ, ಆಸ್ಪತ್ರೆಯಲ್ಲಿ ತಲೆಯಾಡಿಸಿದ್ದು. ಅವಳು ಸ್ಟೂಲಿನ ಮೇಲೆ ಕುಳಿತು ಕೇಳಿದಳು. ಬೈಯಲಿಲ್ಲ. ಯಾವ ಗುಳಿಗೆ ಎಂದು ಕೇಳಿದಳು. ನನ್ನ ಪರ್ಸಿನಲ್ಲಿ ಇಟ್ಟುಕೊಂಡಿದ್ದ ಆ ಪಟ್ಟಿ ತೆಗೆದು ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ಓದಿದಳು.

"ಮಾವಶಿ, ಈ ಗುಳಿಗೆ ಮಾಡೋದೂ ಅದೇ ಕೆಲಸ. ಅದೇ ಕೋಶ, ಅದೇ ಬಾಗಿಲು."

"ಅಂದರ ಎರಡೂ ಕೂಡಿ ದೂಡಿದುವು."

"ಇರಬಹುದು. ನನಗೆ ಗೊತ್ತಿಲ್ಲ. ನಿಮ್ಮ ಕಷಾಯದಲ್ಲಿ ಎಷ್ಟು ಇತ್ತೋ, ಹೊಟ್ಟೆಯಿಂದ ಎಷ್ಟು ಒಳಗೆ ಹೋಯ್ತೋ, ಯಾರೂ ಹೇಳೋಕಾಗಲ್ಲ." ಸ್ವಲ್ಪ ಹೊತ್ತು ಶಬ್ದಗಳನ್ನು ಹುಡುಕಿದಳು. "ಆದ್ರೆ ಒಂದು ಗೊತ್ತು. ಇಡೀ ದಿನ ಏನೂ ತಿನ್ನದೆ ಈ ಗುಳಿಗೆ ತಕೊಂಡ್ರೆ ಅದೊಂದೇ ಸಾಕು. ಎಲೆ ಇಲ್ಲದಿದ್ರೂ ಹೀಗೆ ಆಗಬಹುದಿತ್ತು."

"ಸಮಾಧಾನಕ್ಕ ಹೇಳಾಕತ್ತೀರೇನ್ರಿ?"

"ಇಲ್ಲ ಮಾವಶಿ. ಹಾಗೆ ಹೇಳೋದಕ್ಕೆ ನನಗೆ ಬರೋದಿಲ್ಲ."

ಅದು ನಿಜ. ಸಂಖ್ಯೆ ಸರಿ ಬರದಿದ್ದರೆ ಬಂದಿಲ್ಲ ಎಂದು ತನ್ನ ಸರ್ ಎದುರಿಗೇ ಹೇಳುವ ಹುಡುಗಿ ಅವಳು. ಹಾಗಾಗಿ ಆ ಮಾತನ್ನು ನಂಬಿದೆ. ಗುಳಿಗೆ ಒಂದೇ ಸಾಕಿತ್ತು. ಎಷ್ಟೋ ತಿಂಗಳ ಮೇಲೆ ಅವತ್ತು ರುಚಿ ಗೊತ್ತಾಗುವ ಹಾಗೆ ಉಂಡೆ.

ಆ ಮಾತು ಜೊತೆಗಿದ್ದುದರಿಂದಲೇ ಭಾವನಿಗೆ ಎಲ್ಲ ಹೇಳುವ ಧೈರ್ಯ ಬಂತು. ಮೊದಲು ಎಲೆಯ ವಿಷಯ ಹೇಳುವುದು, ಆಮೇಲೆ ಹುಡುಗಿ ಹೇಳಿದ್ದನ್ನು ಹೇಳುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಭಾನುವಾರ ಹಳಿ ರಿಪೇರಿಯ ಮೆಗಾಬ್ಲಾಕಿನಿಂದ ಗಾಡಿಗಳು ತಡ. ದಹಿಸರ್‌ನಲ್ಲಿ ಇಳಿದಾಗ ಹನ್ನೆರಡಾಗಿತ್ತು. ಪೋಳಿ-ಭಾಜಿ ಅಂಗಡಿಯಲ್ಲಿ ಅಕ್ಕನ ಜಾಗದಲ್ಲಿ ಬೇರೆ ಹೆಂಗಸು ನಿಂತು ಲಟ್ಟಿಸುತ್ತಿದ್ದಳು.

ಭಾವ ಬಾಗಿಲು ತೆರೆದು, "ಬಾ," ಎಂದಷ್ಟೇ ಅಂದ. ಡಾಕ್ಟರಬಾಯಿ ಎನ್ನುವುದು ಅಕ್ಕನ ಜೊತೆಗೇ ಹೋಗಿತ್ತು. ಮೈ ಅರ್ಧಕ್ಕೆ ಇಳಿದಿತ್ತು. ಚಹಾಕ್ಕೆ ಇಟ್ಟ. ಅವನು ನನಗೆ ಬೆನ್ನು ಮಾಡಿ ನಿಂತಾಗಲೇ ನಾನು ಹೇಳಿಬಿಟ್ಟೆ. ಎಲೆ ತಂದದ್ದು, ಅಕ್ಕ ಅವನಿಗೆ ಕಾಣದಂತೆ ಕುಡಿದದ್ದು.

ಅವನು ತಿರುಗಿದ. "ರೋಜ್ ಕುಡೀತಿದ್ಲಾ?"

"ಹೂಂ."

"ಅವತ್ತೂ?"

"ಅವತ್ತೂ."

ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಅವನ ಮುಖದಲ್ಲಿ ಎಷ್ಟೋ ದಿನದಿಂದ ಬಿಗಿದಿದ್ದದ್ದು ಏನೋ ಸಡಿಲವಾಯಿತು. ಒಂದು ಕ್ಷಣ ಅಷ್ಟೇ. ಆಮೇಲೆ ಅವನಿಗೇ ನಾಚಿಕೆಯಾದಂತೆ ಕಂಡಿತು. ಗ್ಯಾಸ್ ಆರಿಸಿ, ಗೋಡೆ ಹಿಡಿದು, ಕೆಳಗೆ ಕುಳಿತ.

"ನಾನೂ ಒಂದ ಹೇಳಿಲ್ಲ ತಂಗಿ. ಯಾರಿಗೂ ಹೇಳಿಲ್ಲ."

ಅವತ್ತು ಅಕ್ಕ ಬೇಗನೇ ಕೆಲಸ ಬಿಟ್ಟು ಮನೆಗೆ ಬಂದಿದ್ದಳಂತೆ. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಸಕ್ಕರೆ ಏರಿದೆ ಎಂದುಕೊಂಡ ಅವನು. ಸಕ್ಕರೆ ಬೇನೆಯವರಿಗೆ ಇನ್ನೇನು ಆಗುತ್ತದೆ? ಸಂಜೆಯ ಗುಳಿಗೆಯನ್ನು ಆಗಲೇ ತೆಗೆದು ಕೊಟ್ಟ.

"ಬ್ಯಾಡ ಅಂದ್ಲು. ಮಾರಿ ತಿರುಗಿಸಿದ್ಲು. ಔಷಧಕ್ಕ ಉಪವಾಸ ಮುರಿಯಾಂಗಿಲ್ಲ ಅಂತ ನೀನಽ ಅಂತೀ ಅಲಾ, ಅಂತ ನಾನಽ ಬಾಯಾಗ ಹಾಕಿದೆ. ನೀರ ಕುಡಿಸಿದೆ." ತನ್ನ ಬಲಗೈಯನ್ನು ನೋಡಿಕೊಂಡ. "ಮಲಗು, ಹುಷಾರಾಗ್ತೀ ಅಂದೆ."

ನಾನು ಜೋಡಿಸಿಕೊಂಡು ಬಂದ ಮಾತು ನಾಲಿಗೆಯ ತುದಿಯಲ್ಲಿತ್ತು.

"ನೀ ಅಲ್ಲಿ ಓದಿದವರ ನಡುವ ಇರ್ತೀ," ಎಂದ ಅವನು. "ಕೇಳೀಯೇನ? ಗುಳಿಗಿ ಒಂದರಿಂದಽ ಹಿಂಗ ಆಕ್ಕೈತೇನ?"

ಅವನು ಕೇಳಿದ ರೀತಿ ಮರೆಯಲಾರೆ. ನಲವತ್ತು ವರ್ಷ ಈ ಊರಿನ ರಸ್ತೆಗಳಲ್ಲಿ ಟೆಂಪೋ ಓಡಿಸಿ ಯಾರಿಗೂ ತಲೆ ತಗ್ಗಿಸದ ಮನುಷ್ಯ, ಶಾಲೆಯ ಮಗುವಿನ ಹಾಗೆ ನನ್ನ ಬಾಯಿಯನ್ನೇ ನೋಡುತ್ತಿದ್ದ.

"ಕೇಳೀನಿ ಭಾವಾ," ಎಂದೆ. "ಗುಳಿಗಿಂದ ಅಲ್ಲಂತ. ಎಲಿಂದಽ ಅಂತ."

ಅವನು ಎದ್ದು ಚಹಾ ಸೋಸಿ, ನನ್ನ ಮುಂದೆ ಲೋಟ ಇಟ್ಟ. "ನೀ ಬೇಕಂತ ಮಾಡಿಲ್ಲಲಾ," ಎಂದ. ನನ್ನ ಮುಖ ನೋಡದೆ ಅಂದ.

ಈಗ ಭಾವ ಊಟ ಮಾಡುತ್ತಾನಂತೆ. ಸಂಜೆ ಕೆಳಗಿಳಿದು ಬಿಲ್ಡಿಂಗಿನ ಮುಂದೆ ಕೂರುತ್ತಾನಂತೆ. ಪಕ್ಕದ ಮನೆಯವರು ಫೋನಿನಲ್ಲಿ ಹೇಳುತ್ತಾರೆ. ನನಗೆ ಅವನು ಫೋನು ಮಾಡುವುದಿಲ್ಲ. ವರ್ಷದ ತಿಥಿಗೆ ಕರೆದ, ಆದರೆ ಎಡೆ ಬಡಿಸಲು ನನಗೆ ಹೇಳಲಿಲ್ಲ, ಪಕ್ಕದ ಮನೆಯಾಕೆಗೆ ಹೇಳಿದ. ನಾನು ಬಾಗಿಲ ಬಳಿ ಕುಳಿತು ಕೈಮುಗಿದು ಬಂದೆ.

ಲ್ಯಾಬಿನ ಹುಡುಗಿ ಈಗ ಎಲೆಯನ್ನೂ ಅಕ್ಕ ತೆಗೆದುಕೊಳ್ಳುತ್ತಿದ್ದ ಗುಳಿಗೆಯನ್ನೂ ಒಂದೇ ತಟ್ಟೆಯಲ್ಲಿ ಹಾಕಿ ನೋಡುತ್ತಿದ್ದಾಳೆ. ನಿಮ್ಮಿಂದಲೇ ಇದು ಹೊಳೆದದ್ದು ಎನ್ನುತ್ತಾಳೆ. ಏನು ಬಂತೆಂದು ಹೇಳಲೇ ಎಂದು ಕೇಳಿದಳು, ಬೇಡ ಎಂದೆ. ಎಲೆ ಮಾತ್ರ ಮೊದಲಿನ ಹಾಗೇ ನೆರಳಲ್ಲಿ ಒಣಗಿಸಿ ಕೊಡುತ್ತೇನೆ, ಕೆಟ್ಟ ಎಲೆಗಳನ್ನು ಬೇರೆ ಮಾಡಿ ಕಸದ ಡಬ್ಬಿಗೆ ಹಾಕುತ್ತೇನೆ.

ಗುಳಿಗೆ ಒಂದೇ ಸಾಕಿತ್ತು ಎಂದು ಅವಳು ಅಂದದ್ದನ್ನು ನಾನು ಬೇರೆ ಯಾರಿಗೂ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ. ಭಾವನಿಗೆ ಕನ್ನಡ ಓದಲು ಬರುವುದಿಲ್ಲ.